ಮೈಎಸ್‌ಕ್ಯೂಎಲ್ 8ಕ್ಕೆ ಹೋದ್ಮೇಲೆ ಕೊಲೇಶನ್ ಜಗಳ ಬಂದ್ರೆ ಹಿಂಗ್ ಮಾಡಿ

ಮೈಎಸ್‌ಕ್ಯೂಎಲ್ ಡೇಟಾಬೇಸ್ 5.7ರಿಂದ 8.0ಕ್ಕೆ ಅಪ್‌ಗ್ರೇಡ್ ಆಗುತ್ತೆ, ಎಲ್ಲಾ ಸರಿಯಾಗೇ ಓಡ್ತಿರುತ್ತೆ, ಆಮೇಲೊಂದಿನ ಯಾರೋ ಹೊಸ ಪೇಮೆಂಟ್ಸ್ ಟೇಬಲ್ ಮಾಡಿ ಹಳೇ ಕಸ್ಟಮರ್ಸ್ ಜೊತೆ ಜಾಯಿನ್ ಹಾಕ್ತಾರೆ, ತಕ್ಷಣ ಎರರ್ 1267, 'ಇಲ್ಲೀಗಲ್ ಮಿಕ್ಸ್ ಆಫ್ ಕೊಲೇಶನ್ಸ್'. ಕೊಲೇಶನ್ ಅಂದ್ರೆ ಅಕ್ಷರಗಳನ್ನ ಹೋಲಿಸೋ, ವಿಂಗಡಿಸೋ ನಿಯಮ. ಒಂದ್ಕಡೆ ಯುಟಿಎಫ್8ಎಂಬಿ4 ಜನರಲ್ ಸಿಐ, ಇನ್ನೊಂದ್ಕಡೆ 0900 ಎಐ ಸಿಐ.

ಕಾರಣ ಇಷ್ಟೇ. ಯುಟಿಎಫ್8ಎಂಬಿ4 ಅನ್ನೋ ಚಾರ್‌ಸೆಟ್‌ಗೆ (ಅಕ್ಷರಗಳನ್ನ ಸೇವ್ ಮಾಡೋ ರೀತಿ) 5.7ರಲ್ಲಿ ಡೀಫಾಲ್ಟ್ ಕೊಲೇಶನ್ ಜನರಲ್ ಇತ್ತು, 8.0ರಲ್ಲಿ 0900 ಆಯ್ತು. ಹಳೇ ಟೇಬಲ್‌ಗಳನ್ನ ಅಪ್‌ಗ್ರೇಡ್ ಮುಟ್ಟಲ್ಲ. ಆದ್ರೆ ಹೊಸ ಟೇಬಲ್ ಮಾಡುವಾಗ ಬರೀ ಚಾರ್‌ಸೆಟ್ ಬರೆದು ಕೊಲೇಟ್ ಬರೀದೆ ಬಿಟ್ರೆ, ಡೇಟಾಬೇಸ್ ಡೀಫಾಲ್ಟ್ ಜನರಲ್ ಅಂತಿದ್ರೂ ಟೇಬಲ್‌ಗೆ 0900ನೇ ಬರುತ್ತೆ. ಮುಕ್ಕಾಲು ಪಾಲು ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ.

ಕ್ವೆರಿಯಲ್ಲೇ ಒಂದು ಕೊಲೇಟ್ ಅಂಟಿಸಿ ಕೈ ತೊಳ್ಕೊಳ್ಳೋರು ಜಾಸ್ತಿ. ಅರ್ಜೆಂಟಿಗೆ ಓಕೆ, ಆದ್ರೆ ಯಾವ ಕಾಲಮ್ ಮೇಲೆ ಅಂಟಿಸ್ತೀರೋ ಅದರ ಇಂಡೆಕ್ಸ್ ಕೆಲಸಕ್ಕೆ ಬರದೇ ಹೋಗಬಹುದು, ದೊಡ್ಡ ಟೇಬಲ್ ಆದ್ರೆ ಸೈಟೇ ತೆವಳುತ್ತೆ.

ಸರಿಯಾದ ದಾರಿ ಅಂದ್ರೆ ಮೊದಲು ಇನ್ಫರ್ಮೇಶನ್ ಸ್ಕೀಮಾದ ಕಾಲಮ್ಸ್ ಟೇಬಲ್ ತೆಗೆದು ಯಾವ ಕಾಲಮ್‌ಗೆ ಯಾವ ಕೊಲೇಶನ್ ಇದೆ ನೋಡಿ. ಆಮೇಲೆ ಎಲ್ಲಕ್ಕೂ ಒಂದೇ ಅಂತ ತೀರ್ಮಾನ ಮಾಡಿ. ಮೈಎಸ್‌ಕ್ಯೂಎಲ್‌ನಲ್ಲೇ ಇರೋದಾದ್ರೆ 0900 ಹಾಕಿ, ಜನರಲ್‌ನಲ್ಲಿ ಬಹುತೇಕ ಇಮೋಜಿಗಳೆಲ್ಲಾ ಒಂದೇ ಅಂತ ಲೆಕ್ಕ, ಅದಂತೂ ತಮಾಷೆ. ಮೈಎಸ್‌ಕ್ಯೂಎಲ್‌ನಿಂದಲೇ ಹುಟ್ಟಿದ ಇನ್ನೊಂದು ಡೇಟಾಬೇಸ್ ಮರಿಯಾಡಿಬಿಯ ಹಳೇ ವರ್ಶನ್‌ಗೆ ಡಂಪ್ ಹೋಗೋದಿದ್ರೆ ಮಾತ್ರ 0900 ಬೇಡ, ಅದಕ್ಕೆ ಆ ಹೆಸರೇ ಗೊತ್ತಿಲ್ಲ.

ಕನ್ವರ್ಟ್ ಮಾಡೋ ಮುಂಚೆ ಬ್ಯಾಕಪ್ ತಗೊಂಡು ಡೇಟಾ ನೋಡಿ. ಜನರಲ್‌ನಲ್ಲಿ ಕೊನೇ ಸ್ಪೇಸ್ ಲೆಕ್ಕಕ್ಕಿಲ್ಲ, 0900ರಲ್ಲಿ ಇದೆ, ಹಂಗಾಗಿ ವಾರ್‌ಚಾರ್ ಕಾಲಮ್‌ನಲ್ಲಿ ಕೊನೆಗೊಂದು ಸ್ಪೇಸ್ ಉಳಿದಿರೋ ಕಸ್ಟಮರ್ ಕೋಡ್ ನಿನ್ನೆವರೆಗೂ ಸಿಗ್ತಿದ್ದಿದ್ದು ಇವತ್ತು ಸಿಗಲ್ಲ, ಮೊದಲೇ ಟ್ರಿಮ್ ಮಾಡಿ. ಕನ್ನಡ ಡೇಟಾ ಇರೋರು ಇನ್ನೊಂದು ನೋಡ್ಕೊಳ್ಳಿ. 'ಸಾಫ್ಟ್‌ವೇರ್' ಅಂತ ಒಬ್ರು ಜೀರೋ ವಿಡ್ತ್ ನಾನ್ ಜಾಯಿನರ್ ಹಾಕಿ ಟೈಪ್ ಮಾಡಿರ್ತಾರೆ, ಇನ್ನೊಬ್ರು ಹಾಕದೆ 'ಸಾಫ್ಟ್ವೇರ್' ಅಂತ. ಜನರಲ್‌ಗೆ ಇವೆರಡೂ ಬೇರೆ ಬೇರೆ, 0900 ಆ ಕಾಣದ ಅಕ್ಷರನ ಲೆಕ್ಕಕ್ಕೇ ತಗೊಳ್ಳಲ್ಲ, ಎರಡೂ ಒಂದೇ. ಆ ಕಾಲಮ್ ಮೇಲೆ ಯೂನಿಕ್ ಕೀ ಇದ್ರೆ ಕನ್ವರ್ಟ್ ಅರ್ಧದಲ್ಲೇ ನಿಂತು 1062 ಡೂಪ್ಲಿಕೇಟ್ ಎಂಟ್ರಿ ಅನ್ನುತ್ತೆ, ಲಿಸ್ಟ್ ನೋಡಿದ್ರೆ ಕಣ್ಣಿಗೆ ಡೂಪ್ಲಿಕೇಟ್ ಅನ್ಸೋದೇ ಇಲ್ಲ.

ಆಮೇಲೆ ಪ್ರತಿ ಟೇಬಲ್‌ಗೂ ಆಲ್ಟರ್ ಟೇಬಲ್, ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್, ಜೊತೆಗೆ ಕೊಲೇಟ್. ಆಲ್ಟರ್ ಡೇಟಾಬೇಸ್ ಒಂದೇ ಹಾಕಿದ್ರೆ ಇರೋ ಕಾಲಮ್ ಯಾವುದೂ ಬದಲಾಗಲ್ಲ, ಡೀಫಾಲ್ಟ್ ಅಷ್ಟೇ. ಕನ್ವರ್ಟ್ ಇಡೀ ಟೇಬಲ್ ಮತ್ತೆ ಕಟ್ಟುತ್ತೆ, ರೈಟ್ಸ್ ನಿಲ್ತವೆ, ರಾತ್ರಿ ಹೊತ್ತೇ ಮಾಡಿ. ಟೋಕನ್ ಥರದ ಕಾಲಮ್‌ಗಳಿಗೆ ಬೇಕಂತ್ಲೇ ಬಿನ್ ಕೊಲೇಶನ್ (ದೊಡ್ಡಕ್ಷರ, ಚಿಕ್ಕಕ್ಷರನೂ ಬೇರೆ ಅಂತ ನೋಡೋದು) ಕೊಟ್ಟಿದ್ರೆ ಕನ್ವರ್ಟ್ ಅದನ್ನೂ ಬದಲಾಯಿಸುತ್ತೆ, ಆ ಕಾಲಮ್‌ಗೆ ಬಿನ್ ವಾಪಸ್ ಹಾಕಿ.

ಇಷ್ಟಾದ್ರೂ ಎರರ್ ಬಂದ್ರೆ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಬರೆದಿಟ್ಟ ಪ್ರೋಗ್ರಾಂ) ನೋಡಿ. ಪ್ಯಾರಾಮೀಟರ್‌ಗಳು ಪ್ರೊಸೀಜರ್ ಮಾಡಿದಾಗ ಡೇಟಾಬೇಸ್‌ಗಿದ್ದ ಕೊಲೇಶನ್ನನ್ನೇ ಹಿಡ್ಕೊಂಡಿರ್ತವೆ. ಡೇಟಾಬೇಸ್ ಡೀಫಾಲ್ಟ್ ಬದಲಾಯಿಸಿ, ಆಮೇಲೆ ಆ ಪ್ರೊಸೀಜರ್‌ನ ಡ್ರಾಪ್ ಮಾಡಿ ಮತ್ತೆ ಕ್ರಿಯೇಟ್ ಮಾಡಿ.