ಬಿದ್ದ ಹಲ್ಲನ್ನು ಹಾಲಿಗೆ ಹಾಕಿ, ಆಮೇಲೆ ಬಸ್ಸಿಗೆ ಓಡಿ

ಹೊಸನಗರ ತಾಲ್ಲೂಕಿನ ನಮ್ಮ ಮನೆಯಿಂದ ಟಾರು ರಸ್ತೆಗೆ ಒಂದೂವರೆ ಕಿಲೋಮೀಟರ್ ನಡಿಗೆ, ಆಮೇಲೆ ಬಸ್ಸು. ಹಲ್ಲಿನ ಡಾಕ್ಟರ ಮುಂದೆ ಕೂರುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಹಾಗಾಗಿ ನಮ್ಮಂಥವರ ಹಲ್ಲು ಉಳಿಯುತ್ತದೋ ಇಲ್ಲವೋ ಅನ್ನುವುದು ಮನೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಮೂರು ವರ್ಷದ ಹಿಂದೆ, ಆಷಾಢದ ಮಳೆ. ಅಂಗಳಕ್ಕೆ ಅಡಿಕೆ ಸೋಗೆ ಹಾಸುವುದು ತಡವಾಗಿತ್ತು. ಒಂಬತ್ತು ವರ್ಷದ ಮಗ ಪಾಚಿಯ ಮೇಲೆ ಜಾರಿ ಮೆಟ್ಟಿಲ ಕಲ್ಲಿಗೆ ಬಾಯಿ ಬಡಿಸಿಕೊಂಡ. ಮುಂದಿನ ಹಲ್ಲು ಬೇರುಸಮೇತ ಕಳಚಿಬಿತ್ತು. ಅತ್ತೆ ಅದನ್ನು ತೆಂಗಿನ ನಾರಿನಲ್ಲಿ ಚೆನ್ನಾಗಿ ಉಜ್ಜಿ, ತೊಳೆದು, ಒಣ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ನನಗೂ ಅದೇ ಸರಿ ಅನ್ನಿಸಿತ್ತು. ಡಾಕ್ಟರು ಹಲ್ಲನ್ನು ಬೆಳಕಿಗೆ ಹಿಡಿದು ಬೇರು ತೋರಿಸಿದರು. ಅದರ ಮೇಲೆ ತೆಳ್ಳಗಿನ ಜೀವಂತ ಪದರ ಇರುತ್ತದಂತೆ. ಹಲ್ಲನ್ನು ದವಡೆ ಮತ್ತೆ ಹಿಡಿದುಕೊಳ್ಳುವುದು ಅದರಿಂದ. ನಾವು ಉಜ್ಜಿ ತೆಗೆದದ್ದು ಅದನ್ನೇ. ಒಣಗಿದರೂ ಅದು ಸಾಯುತ್ತದೆ.

ಆದ್ದರಿಂದ ಹಲ್ಲು ಬಿದ್ದರೆ ಬೇರು ಮುಟ್ಟಬೇಡಿ, ಬಾಯಲ್ಲಿ ಕಾಣುವ ಬಿಳಿ ಭಾಗವನ್ನಷ್ಟೇ ಹಿಡಿಯಿರಿ. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಕ್ಷಣಕಾಲ ಅದ್ದಿ ತೆಗೆಯಿರಿ, ಉಜ್ಜಬೇಡಿ. ಹಲ್ಲು ಕಳಚಿದ ಗುಳಿಯೊಳಗೇ, ಮುಂಭಾಗ ಮುಂದಕ್ಕೇ ಇರುವಂತೆ, ಮೆಲ್ಲಗೆ ಕೂರಿಸಿ, ಶುಭ್ರ ಬಟ್ಟೆ ಮಡಚಿ ಕಚ್ಚಿಸಿ. ಧೈರ್ಯ ಬಾರದಿದ್ದರೆ ಲೋಟದಲ್ಲಿ ಕಾಯಿಸಿ ಆರಿಸಿದ ಹಾಲು ಹಾಕಿ, ಹಲ್ಲು ಮುಳುಗಿಸಿ ಒಯ್ಯಿರಿ. ಹಾಲಿಲ್ಲವೆಂದರೆ ಮಗುವಿನದೇ ಎಂಜಲು ಲೋಟಕ್ಕೆ ಉಗುಳಿಸಿ ಅದರಲ್ಲಿಡಿ. ಬರೀ ನೀರಿನಲ್ಲಿ ಮಾತ್ರ ನೆನೆಸಿಡಬೇಡಿ. ಅರ್ಧ ಗಂಟೆಯೊಳಗೆ ಗುಳಿ ಸೇರಿದರೆ ಒಳ್ಳೆಯದು. ತಡವಾದರೂ ಹಲ್ಲು ಎಸೆಯದೆ ತೆಗೆದುಕೊಂಡು ಹೋಗಿ. ಧನುರ್ವಾಯು ತಡೆಯುವ ಇಂಜೆಕ್ಷನ್ ಬೇಕೇ ಎಂದೂ ಕೇಳಿ.

ಬಿದ್ದದ್ದು ಹಾಲುಹಲ್ಲಾದರೆ ಒಳಗೆ ಕೂರಿಸಲೇಬಾರದು, ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಅದನ್ನು ಹೆಂಚಿನ ಮೇಲೆ ಎಸೆಯುವ ನಮ್ಮ ಪದ್ಧತಿ ಹಾಗೇ ಇರಲಿ. ಪೆಟ್ಟು ತಿಂದ ಮಗು ವಾಂತಿ ಮಾಡಿದರೆ, ಮಂಕಾದರೆ, ಹಲ್ಲಿನ ವಿಚಾರ ಬಿಟ್ಟು 108ಕ್ಕೆ ಕರೆ ಮಾಡಿ.

ರಾತ್ರಿ ಹಲ್ಲುನೋವು ಎದ್ದರೆ ನಮ್ಮಲ್ಲಿ ಮೊದಲು ಕೈ ಹೋಗುವುದು ಸುಣ್ಣ, ಹೊಗೆಸೊಪ್ಪಿಗೆ. ಎರಡೂ ವಸಡನ್ನು ಸುಡುತ್ತವೆ. ಲವಂಗದ ಎಣ್ಣೆಯನ್ನು ಹತ್ತಿಗೆ ಒಂದು ಹನಿ ಹಾಕಿ, ತೂತಿಗಷ್ಟೇ ಇಡಿ. ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ದೊಡ್ಡವರಿಗೆ ಪ್ಯಾರಸಿಟಮಾಲ್ ಸಾಕು. ಜ್ವರವೂ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಲ್ಲಿ ಇನ್ನೂ ಬರುತ್ತಲೇ ಇದೆ, ಡೆಂಗಿಯೂ ಇದೆ. ಆ ಜ್ವರಗಳಲ್ಲಿ ಈ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಮೆಡಿಕಲ್‌ನಿಂದ ಆ್ಯಂಟಿಬಯೋಟಿಕ್ ತಂದು ನುಂಗಿದರೆ ಕೀವಿನ ಮೂಲ ಹೋಗುವುದಿಲ್ಲ, ಹಲ್ಲು ನೋಡಲೇಬೇಕು.

ನಾನು ಬೇಡಿಕೊಂಡು ಹೇಳುವುದು ಊತದ ಬಗ್ಗೆ. ಕೆನ್ನೆಯ ಊತ ದವಡೆಯ ಕೆಳಗೆ, ಕುತ್ತಿಗೆಗೆ ಇಳಿದರೆ, ನಾಲಿಗೆ ಮೇಲಕ್ಕೆ ದಬ್ಬಿದಂತಾದರೆ, ಬಾಯಿ ತೆರೆಯಲು, ಎಂಜಲು ನುಂಗಲು ಆಗದಿದ್ದರೆ, ಬೆಳಗಿನ ಬಸ್ಸಿಗೆ ಕಾಯಬೇಡಿ. ಉಸಿರುದಾರಿ ಮುಚ್ಚಿಹೋಗಬಹುದು. ರಾತ್ರಿಯೇ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೊರಡಿ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡಬೇಡಿ.

ಹಲ್ಲು ಕೀಳಿಸಿಕೊಂಡ ದಿನ ರಕ್ತ ನಿಲ್ಲದಿದ್ದರೆ ಶುಭ್ರ ಬಟ್ಟೆ ಮಡಚಿ ಅರ್ಧ ಗಂಟೆ ಬಿಗಿಯಾಗಿ ಕಚ್ಚಿ, ನಡುವೆ ತೆಗೆದು ನೋಡಬೇಡಿ. ಉಗುಳುವುದು, ಮುಕ್ಕಳಿಸುವುದು ಬೇಡ. ಎಲೆ-ಅಡಿಕೆಯ ಕವಳವಂತೂ ಬೇಡವೇ ಬೇಡ.

ಶಿವಮೊಗ್ಗದಲ್ಲಿ ಶರಾವತಿ ದಂತ ವೈದ್ಯಕೀಯ ಕಾಲೇಜು ಇದೆ. ಹಗಲು ಹೊತ್ತಿನಲ್ಲಿ ಅಲ್ಲಿಗೂ ಹೋಗಬಹುದು. ಹೊರಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ‘ಹಲ್ಲು ಹಾಲಿನಲ್ಲಿದೆ, ಬರುತ್ತಿದ್ದೇವೆ’ ಅನ್ನಿ. ನಮ್ಮಲ್ಲಿ ಸಿಗ್ನಲ್ ಸಿಗುವುದು ಹಲಸಿನ ಮರದ ಬುಡದಲ್ಲಿ ಮಾತ್ರ. ನಂಬರುಗಳನ್ನು ಅಡುಗೆಮನೆಯ ಬಾಗಿಲ ಹಿಂದೆ ಬರೆದು ಅಂಟಿಸಿದ್ದೇನೆ.