ಆಪ್ ಡೌನ್‌ಲೋಡ್ ಮಾಡ್ದಾಗ ಇಷ್ಟೇ ಇಷ್ಟು ಇತ್ತು, ಈಗ ನೋಡಿದ್ರೆ ಜಿಬಿಗಟ್ಲೆ!

ಸ್ಟೋರೇಜ್ ಫುಲ್ ಅಂತ ಮೆಸೇಜ್ ಬಂದ ತಕ್ಷಣ ಸುಮಾರು ಜನ ಮಾಡೋ ಕೆಲ್ಸ ಒಂದೇ, ಗ್ಯಾಲರಿ ತೆಗ್ದು ಕೂತು ಒಂದೊಂದೇ ಫೋಟೋ ಡಿಲೀಟ್ ಮಾಡೋದು. ಪಾಪ ಫೋಟೋಗಳಿಗೆ ಏಟು ಬೀಳುತ್ತೆ, ನಿಜವಾಗ್ಲೂ ಜಾಗ ತಿಂದೋನು ಪಕ್ಕದಲ್ಲೇ ಆರಾಮಾಗಿ ಕೂತಿರ್ತಾನೆ. ಅವನು ಯಾರು ಅಂತ ಮೊದ್ಲು ನೋಡೋಣ, ಅಳಿಸೋದು ಆಮೇಲೆ.

ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್‌ನಲ್ಲಿ ಆಪ್ಸ್‌ಗೆ ಹೋಗಿ, ಯಾವ್ದಾದ್ರೂ ಒಂದು ಆಪ್ ಒತ್ತಿ, ಒಳಗೆ ಸ್ಟೋರೇಜ್ ಅಂತ ಇರುತ್ತೆ (ಫೋನ್ ಕಂಪನಿ ಬದಲಾದಂಗೆ ಹೆಸ್ರು ಸ್ವಲ್ಪ ಆಚೀಚೆ ಆಗ್ಬಹುದು). ಅಲ್ಲಿ ಮೂರು ಲೆಕ್ಕ ಕಾಣುತ್ತೆ: ಆಪ್ ಸೈಜ್, ಡೇಟಾ, ಕ್ಯಾಶೆ. ಪ್ಲೇ ಸ್ಟೋರ್‌ನಲ್ಲಿ ತೋರ್ಸಿದ್ದು ಡೌನ್‌ಲೋಡ್ ಲೆಕ್ಕ ಮಾತ್ರ, ಬೆಳೀತಾ ಹೋಗೋದು ಮಿಕ್ಕ ಎರಡು. ನೀವು ನೋಡಿದ ರೀಲ್ಸು, ಸ್ಕ್ರೋಲ್ ಮಾಡ್ತಾ ದಾಟಿದ ಫೋಟೋ, ಕೇಳಿದ ಹಾಡು, ಇವೆಲ್ಲ ಇನ್ನೊಂದ್ ಸಲ ಬೇಗ ತೆರ್ಕೊಳ್ಲಿ ಅಂತ ಆಪ್ ಒಂದು ಕಾಪಿ ಎತ್ತಿಟ್ಕೊಳ್ಳುತ್ತೆ, ಅದೇ ಕ್ಯಾಶೆ.

ಈಗ ಹುಷಾರಾಗಿ ಓದಿ. ಕ್ಲಿಯರ್ ಕ್ಯಾಶೆ ಒತ್ತಿದ್ರೆ ಏನೂ ತೊಂದ್ರೆ ಇಲ್ಲ, ಮುಂದಿನ ಸಲ ಆಪ್ ಸ್ವಲ್ಪ ನಿಧಾನ ತೆರ್ಕೊಳ್ಳುತ್ತೆ ಅಷ್ಟೇ. ಆದ್ರೆ ಪಕ್ಕದಲ್ಲೇ ಕ್ಲಿಯರ್ ಡೇಟಾ ಅಂತ ಇನ್ನೊಂದಿದೆ, ಅದನ್ನ ಒತ್ತಿದ್ರೆ ಲಾಗಿನ್ನು, ಸೆಟ್ಟಿಂಗು, ಆಪ್ ಒಳಗೆ ಬರೆದಿಟ್ಟಿದ್ದೆಲ್ಲ ಹೋಗುತ್ತೆ. ನಾನು ಒಂದ್ ಸಲ ಅವಸರದಲ್ಲಿ ನೋಟ್ಸ್ ಆಪ್‌ಗೆ ಇದನ್ನೇ ಮಾಡಿ, ಬ್ಯಾಕಪ್ಪೂ ಇಲ್ದೆ, ಎರಡು ವರ್ಷದ ಪಟ್ಟಿಗಳನ್ನೆಲ್ಲ ಕಳ್ಕೊಂಡು ಖಾಲಿ ಸ್ಕ್ರೀನ್ ನೋಡ್ತಾ ಕೂತಿದ್ದೆ. ಸಿಕ್ಕಿದ್ ಜಾಗ ಎಷ್ಟು ಗೊತ್ತಾ, 14 ಎಂಬಿ!

ಮುಂದೆ ವಾಟ್ಸಾಪ್. ಇಲ್ಲಿ ಕ್ಯಾಶೆ ಅಳಿಸಿ ದೊಡ್ಡ ಪ್ರಯೋಜನ ಇಲ್ಲ, ಭಾರ ಇರೋದು ಗ್ರೂಪಿಗೆ ಬಂದ ವಿಡಿಯೋದಲ್ಲಿ. ಆಪ್ ಒಳಗಿನ ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳು ಒಂದ್ಕಡೆ, ತುಂಬಾ ಸಲ ಫಾರ್ವರ್ಡ್ ಆಗಿದ್ದು ಇನ್ನೊಂದ್ಕಡೆ, ಕೆಳಗೆ ಯಾವ ಚಾಟ್ ಎಷ್ಟು ತಿಂದಿದೆ ಅಂತ ಲೆಕ್ಕ. ಈ ಲೆಕ್ಕ ನೋಡೋದೇ ಒಂದು ಮಜಾ, ನೀವು ವರ್ಷದಿಂದ ಮ್ಯೂಟ್ ಮಾಡಿರೋ ಗ್ರೂಪೇ ಮೊದಲ ಸ್ಥಾನದಲ್ಲಿ ಇದ್ರೂ ಆಶ್ಚರ್ಯ ಪಡ್ಬೇಡಿ, ಮ್ಯೂಟ್ ಮಾಡಿದ್ರೆ ಸೌಂಡ್ ನಿಲ್ಲುತ್ತೆ, ಡೌನ್‌ಲೋಡ್ ನಿಲ್ಲಲ್ಲ. ಅದಕ್ಕೆ ಸ್ಟೋರೇಜ್ ಆ್ಯಂಡ್ ಡೇಟಾದಲ್ಲೇ ಇರೋ ಮೀಡಿಯಾ ಆಟೋ ಡೌನ್‌ಲೋಡ್‌ಗೆ ಹೋಗಿ ವಿಡಿಯೋ ಟಿಕ್ ತೆಗ್ದುಬಿಡಿ. ಬೇಕಾಗಿರೋ ಫೈಲ್ ಮಾತ್ರ ಮೊದ್ಲೇ ಬೇರೆ ಕಡೆ ಇಟ್ಕೊಳ್ಳಿ, ಅಳಿಸಿದ್ ಮೇಲೆ ವಾಪಸ್ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಟೆಲಿಗ್ರಾಂ ಕಥೆ ಉಲ್ಟಾ. ಸಾಮಾನ್ಯ ಚಾಟ್‌ಗಳು ಅವರ ಸರ್ವರಲ್ಲೇ ಇರೋದ್ರಿಂದ ಡೇಟಾ ಆ್ಯಂಡ್ ಸ್ಟೋರೇಜ್‌ಗೆ ಹೋಗಿ ಕ್ಯಾಶೆ ಧೈರ್ಯವಾಗಿ ಅಳಿಸ್ಬಹುದು, ಬೇಕಾದಾಗ ಮತ್ತೆ ಇಳಿಸ್ಕೊಳ್ಳಿ. ಮೀಡಿಯಾನ ಎಷ್ಟು ದಿನ ಇಟ್ಕೋಬೇಕು ಅಂತಾನೂ ಅಲ್ಲೇ ಹೇಳ್ಬಹುದು.

ವಿಡಿಯೋ, ಹಾಡಿನ ಆಪ್‌ಗಳಲ್ಲಿ ಡೌನ್‌ಲೋಡ್ಸ್ ಒಂದ್ ಸಲ ನೋಡಿ, ಯಾವ್ದೋ ಪ್ರಯಾಣಕ್ಕೆ ಇಳಿಸ್ಕೊಂಡು ಮರೆತಿದ್ದು ಇದ್ದೇ ಇರುತ್ತೆ. ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆನೂ ಅಷ್ಟೇ.

ಐಫೋನ್‌ನವ್ರು ಸೆಟ್ಟಿಂಗ್ಸ್, ಜನರಲ್, ಐಫೋನ್ ಸ್ಟೋರೇಜ್. ಎಲ್ಲಾ ಆಪ್‌ಗೂ ಅನ್ವಯ ಆಗೋ ಕ್ಯಾಶೆ ಬಟನ್ ಅಲ್ಲಿಲ್ಲ, ಆಫ್‌ಲೋಡ್ ಅಂತ ಇದೆ, ಅದು ಆಪ್ ತೆಗ್ದು ಅದರ ಡಾಕ್ಯುಮೆಂಟು, ಡೇಟಾ ಹಂಗೇ ಉಳಿಸುತ್ತೆ. ಹಾಗಾಗಿ ದೊಡ್ಡ ಗೇಮ್‌ಗೆ ಆಫ್‌ಲೋಡ್ ಸರಿ, ಡೇಟಾದಿಂದ ಊದ್ಕೊಂಡಿರೋ ಆಪ್‌ಗೆ ಮಾಡಿದ್ರೆ ಸಿಗೋದು ಚಿಲ್ರೆ ಜಾಗ.

ಇಷ್ಟೆಲ್ಲ ಮಾಡಿದ್ಮೇಲೂ ನಂಬರ್ ಕಮ್ಮಿ ಆಗ್ಲಿಲ್ವಾ? ಗ್ಯಾಲರಿಯ ಟ್ರ್ಯಾಶ್ ನೋಡಿ. ಐಫೋನ್‌ನಲ್ಲಿ ಅಳಿಸಿದ ಫೋಟೋ ರೀಸೆಂಟ್ಲಿ ಡಿಲೀಟೆಡ್‌ನಲ್ಲಿ 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿರೋದಾದ್ರೆ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತೆ, ಅದನ್ನ ಖಾಲಿ ಮಾಡಿ ಆಮೇಲೆ ಲೆಕ್ಕ ನೋಡಿ.