ಹೊಳೆ ಉಳಿಸೋಕೆ ಮೊದ್ಲು ಒಂದು ಪಟ್ಟಿ ಪುಸ್ತಕ ತಗೊಳ್ಳಿ

ನಮ್ಮ ಉತ್ತರ ಕನ್ನಡದ ಅಘನಾಶಿನಿ ಹೊಳೆಗೆ ಇವತ್ತಿಗೂ ಅಡ್ಡಲಾಗಿ ಒಂದು ದೊಡ್ಡ ಡ್ಯಾಂ ಇಲ್ಲ. ಶಿರಸಿ ಪೇಟೆಯ ಶಂಕರ ಹೊಂಡದ ಕಡೆಯಿಂದ ಒಂದು ಹಳ್ಳ, ಮಂಜಗುಣಿ ಕಡೆಯಿಂದ ಇನ್ನೊಂದು ಹಳ್ಳ ಹೊರಟು, ಕೂಡಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿ ಹತ್ರ ಸಮುದ್ರ ಸೇರೋ ತನಕ ತನ್ನ ಪಾಡಿಗೆ ತಾನು ಹರೀತದೆ. ಆಚೆ ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ, ಈಚೆ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ ಡ್ಯಾಂಗಳು. ಬೇಡ್ತಿ ಹೊಳೆಗೂ ಕಟ್ಟೋದಿತ್ತು, ಆದ್ರೆ 80ರ ದಶಕದ ಶುರುವಲ್ಲಿ ನಮ್ಮ ಕಡೆ ಕೃಷಿಕರು ವಿಜ್ಞಾನಿಗಳನ್ನ ಶಿರಸಿಗೇ ಕರೆಸಿ, ಕೂತು, ಎಷ್ಟು ಕಾಡು ಹೋಗ್ತದೆ ಎಷ್ಟು ತೋಟ ಹೋಗ್ತದೆ ಅಂತ ಲೆಕ್ಕ ಹಾಕಿ ಮುಂದಿಟ್ರು, ಆಮೇಲೆ ಆ ಯೋಜನೆ ಹಿಂದೆ ಸರೀತು. ನಾನು ಇದನ್ನ ಬರೀತಿರೋದು ಆ ಲೆಕ್ಕದ ಬಗ್ಗೆನೇ. ನಾಳೆ ಯಾರೋ ಬಂದು "ಇಲ್ಲೇನಿದೆ, ನೀರು ಸುಮ್ನೆ ಸಮುದ್ರಕ್ಕೆ ಹೋಗ್ತಿದೆ" ಅಂದಾಗ ಏನಿದೆ ಅಂತ ತೋರ್ಸೋಕೆ ನಿಮ್ಮ ಕೈಯಲ್ಲಿ ಬರೆದಿದ್ದು ಇರ್ಬೇಕು, ಯೋಜನೆ ಬಂದ್ಮೇಲೆ ಬರೆಯೋಕೆ ಕೂತ್ರೆ ಟೈಮ್ ಸಾಲಲ್ಲ.

ಇಡೀ ಹೊಳೆ ಬೇಡ. ನಿಮ್ಮ ಮನೆ ಹತ್ರದ ಒಂದು ಕಿಲೋಮೀಟರ್ ಸಾಕು, ವಾರಕ್ಕೊಮ್ಮೆ ನಡೆಯೋಕೆ ಆಗೋವಷ್ಟು. ಒಂದು ಪಟ್ಟಿ ಪುಸ್ತಕ ತಗೊಂಡು ತಾರೀಕು ಹಾಕಿ ಬರೀತಾ ಹೋಗಿ. ಪಕ್ಕದ ಹಳ್ಳ ಯಾವ ವಾರ ಹರಿಯೋದು ನಿಲ್ತು, ಬೇಸಿಗೆಯಲ್ಲೂ ಬತ್ತದ ಗುಂಡಿ ಯಾವ್ದು, ಪುಷ್ಯ ಮಳೆಯಲ್ಲಿ ನೀರು ಯಾವ ಬಂಡೆ ತನಕ ಏರ್ತು. ಮೊದಲ ಮಳೆಗೆ ಹತ್ತುಮೀನು ಗದ್ದೆ ಕಡೆ ಏರಿದ ದಿನ ತಪ್ಪದೇ ಬರೀರಿ, ಯಾಕಂದ್ರೆ ಕೆಳಗಿಂದ ಮೇಲಕ್ಕೆ ದಾರಿ ತೆರೆದೇ ಇದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಹೊಳೆ ನಡುವಿನ ಬಂಡೆ ಮೇಲೆ ಏಡಿ ಚಿಪ್ಪಿನ ಚೂರು ತುಂಬಿರೋ, ಮೀನು ವಾಸನೆ ಹೊಡೆಯೋ ಹಿಕ್ಕೆ ಕಂಡ್ರೆ ಅದು ನೀರುನಾಯಿದು, ಅವು ಅದೇ ಬಂಡೆಗೆ ಮತ್ತೆ ಮತ್ತೆ ಬರ್ತವೆ, ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಫೋಟೋ ತೆಗೀರಿ, ಅಳತೆ ಗೊತ್ತಾಗ್ತದೆ, ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇರ್ಲಿ. ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟದ ಅಂಚಲ್ಲಿ ರಾಮಪತ್ರೆ ಜಡ್ಡಿ ಇದ್ರೆ, ಅಂದ್ರೆ ಬೇರು ಮೊಣಕಾಲಿನ ಹಾಗೆ ಕೆಸರಿಂದ ಮೇಲೆದ್ದಿರೋ ಜಾಗ, ಅದನ್ನ ಮೊದಲ ಪೇಜಿಗೇ ಹಾಕಿ. ಅಂಥ ಜಡ್ಡಿ ಪಶ್ಚಿಮ ಘಟ್ಟದಲ್ಲಿ ಬಹಳ ಕಮ್ಮಿ ಉಳಿದಿದೆ, ಒಂದ್ಸಲ ಕಾಲುವೆ ತೆಗೆದು ನೀರು ಬಸಿದ್ರೆ ಮುಗೀತು.

ಕೆಳಗೆ ಕುಮಟಾ ಕಡೆಯವರಾದ್ರೆ ಬರೆಯೋದು ಬೇರೆ. ಇಳಿತದ ಹೊತ್ತಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು, ಅಂದ್ರೆ ತಿನ್ನೋ ಚಿಪ್ಪು ಮೀನು, ತೆಗೀತಿದ್ದ ಒಬ್ಬ ಅಮ್ಮನ್ನ ನಾನು "ಈ ವರ್ಷ ಹ್ಯಾಂಗಿದ್ಯೇ ಅಮ್ಮ" ಅಂತ ಕೇಳಿದ್ದೆ. ಆಕೆ ಒಂದು ಮುಷ್ಟಿ ಬಳಚು ಎತ್ತಿ ತೋರ್ಸಿ, "ಉಪ್ಪು ನೀರು, ಸಿಹಿ ನೀರು ಎರಡೂ ಅದರದರ ಹೊತ್ತಿಗೆ ಬಂದ್ರೆ ಇದು ಸಿಗ್ತದೆ ತಮ್ಮಾ, ಒಂದೇ ಆದ್ರೆ ಬರೀ ಚಿಪ್ಪು" ಅಂದ್ರು. ಶರಾವತಿ ಅಳಿವೆಯಲ್ಲಿ ಆಗಿದ್ದೂ ಅದೇ, ಕರೆಂಟ್ ತೆಗೆದು ಬಿಟ್ಟ ನೀರು ವರ್ಷವಿಡೀ ಬರೋಕೆ ಶುರುವಾಗಿ ಅಲ್ಲಿ ಉಪ್ಪು ಇಳೀತು, ಚಿಪ್ಪಿನ ಜಾತಿಗಳು ಹೋದ್ವು. ಮೇಲಿನ ನೀರು ಸಮುದ್ರಕ್ಕೆ "ದಂಡ" ಆಗ್ತದೆ ಅನ್ನೋರಿಗೆ ಅಳಿವೆಯಲ್ಲಿ ನಿಂತವರ ಉತ್ತರ ಇದು. ಹಾಗಾಗಿ ಎಷ್ಟು ಮನೆ ಬಳಚು ನಂಬಿದೆ, ಉಪ್ಪು ನೀರು ನುಗ್ಗೋ ಗಜನಿ ಗದ್ದೆಯಲ್ಲಿ ಉಪ್ಪು ತಡೆಯೋ ಕಗ್ಗ ಭತ್ತ ಇನ್ನೂ ಯಾರು ಬೆಳೀತಾರೆ, ಕಾಂಡ್ಲಾ ಕಾಡು (ಮ್ಯಾಂಗ್ರೋವ್) ಎಲ್ಲಿಂದ ಎಲ್ಲಿ ತನಕ ಇದೆ ಅಂತ ಬರೀರಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ, 4801 ಹೆಕ್ಟೇರ್, ಅರ್ಜಿ ಬರೆಯುವಾಗ ಇದನ್ನ ಮೊದಲ ಸಾಲಲ್ಲೇ ಹಾಕಿ.

ಇನ್ನು ನಾವೇ ಮಾಡ್ತಿರೋ ಹಾಳು. ನಾನೇ ಒಂದು ವರ್ಷ ಪಂಪ್‌ಸೆಟ್‌ಗೆ ದಾರಿ ಬೇಕು ಅಂತ ದಂಡೆಯ ವಾಟೆ ಬಿದಿರು, ಕೇದಗೆ ಎಲ್ಲ ಸವರಿಸಿಬಿಟ್ಟೆ, ನೋಡೋಕೆ ಚೊಕ್ಕ ಆಗಿತ್ತು, ಮುಂದಿನ ಆಶ್ಲೇಷ ಮಳೆಗೆ ದಂಡೆ ಸಮೇತ ಏಳು ಅಡಿಕೆ ಮರ ಹೊಳೆ ಪಾಲಾಯ್ತು. ಆ ಬೇರಿನ ಬಲೆನೇ ಮಣ್ಣು ಹಿಡಿದಿದ್ದು ಅಂತ ಆಗ ಗೊತ್ತಾಯ್ತು. ದಂಡೆ ಬಿಟ್ಟುಬಿಡಿ, ಆಗ್ಲೇ ಬೋಳಾಗಿದ್ರೆ ಮಳೆ ಹಿಡಿದ ಕೂಡ್ಲೇ ಹೊಂಗೆ, ನೀರು ನೇರಳೆ, ಹೊಳೆಮತ್ತಿ, ವಾಟೆ ನೆಡಿ, ಅಕೇಶಿಯಾ ಬೇಡವೇ ಬೇಡ.

ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯೋ ದಿನ ಇನ್ನೂ ಜಾಗ್ರತೆ ಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕಲಸಿ ಕೊನೆಗೌಡ ಮರ ಹತ್ತಿ ಹೊಡೀತಾನೆ, ಸಂಜೆ ಡ್ರಮ್ಮು ಪೈಪು ಎಲ್ಲ ಹಳ್ಳಕ್ಕೇ ತಗೊಂಡು ಹೋಗಿ ತೊಳೀತೇವೆ. ಮೈಲುತುತ್ತದಲ್ಲಿರೋ ತಾಮ್ರ ಮೀನಿಗೆ ವಿಷ. ತೊಳೆದ ಜಾಗದಿಂದ ಕೆಳಗೆ ನೀಲಿ ಗೆರೆ ಹರಿಯೋದು, ಮರುದಿನ ಸಣ್ಣ ಮೀನು ಹೊಟ್ಟೆ ಮೇಲಾಗಿ ತೇಲೋದು ನಾನು ಕಣ್ಣಾರೆ ನೋಡಿದೀನಿ. ತೋಟದಲ್ಲೇ, ಹಳ್ಳದಿಂದ ದೂರ ಒಂದು ಗುಂಡಿ ತೆಗೆದು ಅಲ್ಲೇ ತೊಳೀರಿ, ಎರಡು ಬಿಂದಿಗೆ ನೀರು ಹೊರೋ ಕೆಲ್ಸ ಅಷ್ಟೇ. ತೋಟೆ (ಸಿಡಿಮದ್ದು) ಹಾಕಿ, ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿಯೋರು ಕಂಡ್ರೆ ಒಬ್ಬರೇ ಜಗಳಕ್ಕೆ ಹೋಗ್ಬೇಡಿ, ದಿನ, ಜಾಗ, ಗಾಡಿ ನಂಬರ್ ಬರ್ಕೊಂಡು ಫಾರೆಸ್ಟ್‌ನವರಿಗೂ ಪೊಲೀಸರಿಗೂ ಬರಹದಲ್ಲೇ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.

ಪಟ್ಟಿ ಪುಸ್ತಕ ಒಂದು ವರ್ಷ ತುಂಬಿದ ಮೇಲೆ ಅದನ್ನ ಮನೇಲಿ ಇಟ್ಕೋಬೇಡಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಅದು ಊರಿನ ಜೀವವೈವಿಧ್ಯ ದಾಖಲಾತಿ ಇಡ್ಬೇಕು. ಪಂಚಾಯ್ತಿಗೆ ಹೋಗಿ ಆ ದಾಖಲಾತಿ ತೋರ್ಸಿ ಅಂತ ಕೇಳಿ, ಇಲ್ಲ ಅಂದ್ರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಲೇಬೇಕು, ಇದ್ರೆ ನಿಮ್ಮ ಹೊಳೆಯದ್ದು ಅದಕ್ಕೆ ಸೇರಿಸಿ. ಅಮೆರಿಕದಲ್ಲಿ 1968ರಲ್ಲೇ ತಡೆಯಿಲ್ಲದೆ ಹರಿಯೋ ಹೊಳೆಗಳಿಗೆ ಅಂತಲೇ ಒಂದು ಕಾಯ್ದೆ ಬಂತು, ಎಂಟು ಹೊಳೆಯಿಂದ ಶುರು ಮಾಡಿದ್ರು, ಯಾವ ಹೊಳೆಯಲ್ಲಿ ಏನು ವಿಶೇಷ ಅಂತ ಗುರುತಿಸಿಯೇ ರಕ್ಷಣೆ ಕೊಡೋದು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ, ಇರೋದ್ರಲ್ಲೇ ಜೋಡಿಸ್ಕೋಬೇಕು. ವನ್ಯಜೀವಿ ಕಾಯ್ದೆಯ 36ಎ ಅಡಿ ಸಂರಕ್ಷಣಾ ಮೀಸಲು ಪ್ರದೇಶ ಮಾಡ್ಬಹುದು, ಸ್ಥಳೀಯರ ಜೊತೆ ಮಾತಾಡಿಯೇ ಮಾಡೋದು, ಅಘನಾಶಿನಿ ಸಿಂಗಳೀಕ ಮೀಸಲು, ಬೇಡ್ತಿ ಮೀಸಲು ಎರಡೂ ಹಾಗೇ ಬಂದಿದ್ದು.

ಏನಾದ್ರೂ ಯೋಜನೆಗೆ ಪರಿಸರ ಸಾರ್ವಜನಿಕ ವಿಚಾರಣೆ ಕರೆದ್ರೆ 30 ದಿನ ಮೊದ್ಲು ಪೇಪರ್‌ನಲ್ಲಿ ಪ್ರಕಟಣೆ ಬರ್ತದೆ, ಯೋಜನೆಯ ಪರಿಸರ ವರದಿಯ ಸಾರಾಂಶ ಕನ್ನಡದಲ್ಲೂ ಸಿಗ್ಬೇಕು, ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿಯಲ್ಲಿ ನೋಡೋಕೆ ಇಟ್ಟಿರ್ತಾರೆ. ಅದರಲ್ಲಿ "ಇಲ್ಲಿ ಇಂಥ ಪ್ರಾಣಿ ಇಲ್ಲ" ಅಂತ ಇರೋ ಪ್ರತಿ ಸಾಲಿಗೂ ನಿಮ್ಮ ಪುಸ್ತಕದ ತಾರೀಕು, ಫೋಟೋ ಎದುರಿಗಿಟ್ಟು ಬರಹದಲ್ಲಿ ಆಕ್ಷೇಪಣೆ ಕೊಡಿ, ಸಭೆಯಲ್ಲಿ ಮೈಕ್ ಸಿಗದಿದ್ರೂ ಅದು ದಾಖಲೆ ಆಗ್ತದೆ. ಮಾತಾಡಿದ ಕೂಡ್ಲೇ ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಬರಬೇಡಿ. ಕೊನೆಗೆ ನಡಾವಳಿಯ ಸಾರಾಂಶವನ್ನ ಕನ್ನಡದಲ್ಲಿ ಓದಿ ಹೇಳ್ಬೇಕು ಅಂತ ನಿಯಮ ಇದೆ, ಓದುವಾಗ ನಿಮ್ಮ ಮಾತು ಅದರಲ್ಲಿ ಬಂತೋ ಇಲ್ಲವೋ ಕೇಳಿಸ್ಕೊಳ್ಳಿ, ಬರದಿದ್ರೆ ಅಲ್ಲೇ ಎದ್ದು ನಿಂತು ಸೇರಿಸಿ ಅಂತ ಹೇಳಿ, ಸಹಿ ಆಗೋದಕ್ಕಿಂತ ಮೊದ್ಲು.